ಗ್ವಾಡಲ್‌ಕನಾಲ್ ಹಡಗಿನ ಜೂನ್ 4ಕ್ಕೆ ಬುನಾದಿ ಬಿದ್ದದ್ದು ಜನವರಿಯಲ್ಲೇ

ಪಡುಗಡಲು:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಹಡಗುಗಳ ಮಾತು ಬಂದಾಗಲೆಲ್ಲ ನಾವು ಬಿಸ್ಮಾರ್ಕ್, ಯಮಾಟೊ, ಎಂಟರ್‌ಪ್ರೈಸ್ ಸುತ್ತಲೇ ಸುತ್ತುತ್ತೇವೆ. ಎಸ್ಕಾರ್ಟ್ ಕ್ಯಾರಿಯರ್ ಎಂಬ ಪುಟ್ಟ ವಿಮಾನವಾಹಕಗಳು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಒಂದೇ ಹಡಗನ್ನು ಹಿಡಿದು ಅದರ ಸೇವೆಯ ಕಥೆಯನ್ನು ಬಿಡಿಸಿ ಹೇಳೋಣ ಅನ್ನಿಸಿತು. ಅಮೆರಿಕದ ಯು.ಎಸ್.ಎಸ್. ಗ್ವಾಡಲ್‌ಕನಾಲ್, ಸಂಖ್ಯೆ ಸಿವಿಇ-60.

ಹೆಸರು ಕೇಳಿದವರಿಗೆ ಗೊತ್ತಿರುವುದು ಒಂದೇ ಸಂಗತಿ. 1944ರ ಜೂನ್ 4ರಂದು ಜರ್ಮನಿಯ ಜಲಾಂತರ್ಗಾಮಿ ಯು-505 ಅನ್ನು ಮುಳುಗಲು ಬಿಡದೆ ನಡುಗಡಲಲ್ಲಿ ಹಿಡಿದು ತಂದದ್ದು ಈ ಹಡಗಿನ ತಂಡ. 1815ರ ನಂತರ ಅಮೆರಿಕದ ನೌಕಾಪಡೆ ಶತ್ರುವಿನ ಯುದ್ಧನೌಕೆಯನ್ನು ಸಮುದ್ರದ ಮಧ್ಯೆ ವಶಪಡಿಸಿಕೊಂಡದ್ದು ಅದೇ ಮೊದಲು. ಇದನ್ನು ಅದೃಷ್ಟ ಎಂದು ಬರೆದವರು ಬಹಳ ಜನ. ನನಗೆ ಅದು ಒಪ್ಪಿಗೆಯಿಲ್ಲ. 1944ರ ಜನವರಿಯಿಂದ ಜೂನ್‌ವರೆಗಿನ ಮೂರು ಯಾನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದರಲ್ಲಿ ಪೆಟ್ಟು ತಿಂದು ಕಲಿತ ಪಾಠ ಇನ್ನೊಂದರಲ್ಲಿ ಕೆಲಸಕ್ಕೆ ಬಂದದ್ದು ಕಾಣುತ್ತದೆ.

ಮೊದಲು ಹಡಗಿನ ವಿಚಾರ. ಹೆನ್ರಿ ಕೈಸರ್ ಎಂಬ ಉದ್ಯಮಿಯ ಹಡಗುಕಟ್ಟೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ, ಕೊಲಂಬಿಯಾ ನದಿಯ ದಂಡೆಯ ಮೇಲಿತ್ತು. ಅಲ್ಲಿ ಕಾಸಾಬ್ಲಾಂಕಾ ವರ್ಗದ, ಅಂದರೆ ಒಂದೇ ವಿನ್ಯಾಸದ, 50 ಎಸ್ಕಾರ್ಟ್ ಕ್ಯಾರಿಯರ್ ಕಟ್ಟಿದರು. ಐವತ್ತೂ ಸೇವೆಗೆ ಸೇರಿದ್ದು 1943ರ ಜುಲೈನಿಂದ 1944ರ ಜುಲೈ ಒಳಗೆ, ಒಂದೇ ವರ್ಷದಲ್ಲಿ! ಅವುಗಳಲ್ಲಿ ನಮ್ಮ ಹಡಗಿನ ಕೀಲ್ (ತಳದ ಬೆನ್ನೆಲುಬು) ಇಟ್ಟದ್ದು 1943ರ ಜನವರಿ 5ಕ್ಕೆ, ನೀರಿಗಿಳಿಸಿದ್ದು ಜೂನ್ 5ಕ್ಕೆ, ಸೇವೆಗೆ ಸೇರಿಸಿದ್ದು ಸೆಪ್ಟೆಂಬರ್ 25ಕ್ಕೆ. ಉದ್ದ 156 ಮೀಟರ್, ವೇಗ 19 ನಾಟ್ (ಗಂಟೆಗೆ ಸುಮಾರು 35 ಕಿ.ಮೀ.). ದೊಡ್ಡ ಯುದ್ಧನೌಕೆಗಳಿಗೆ ಇರುವಂಥ ಉಕ್ಕಿನ ಕವಚ ಇದಕ್ಕಿರಲಿಲ್ಲ. ಒಂದು 5 ಇಂಚಿನ ಫಿರಂಗಿ, ಉಳಿದಂತೆ ವಿಮಾನ ಹೊಡೆಯುವ ಸಣ್ಣ ತೋಪುಗಳು. ಕೈಯಲ್ಲಿದ್ದ ನಿಜವಾದ ಆಯುಧವೆಂದರೆ ಡೆಕ್ ಮೇಲಿನ ಅವೆಂಜರ್ ಮತ್ತು ವೈಲ್ಡ್‌ಕ್ಯಾಟ್ ವಿಮಾನಗಳು, ಸುತ್ತ ಇರುತ್ತಿದ್ದ ಡೆಸ್ಟ್ರಾಯರ್ ಎಸ್ಕಾರ್ಟ್ ಎಂಬ ಸಣ್ಣ ಬೆಂಗಾವಲು ಹಡಗುಗಳು.

ಹಡಗಿನ ಕ್ಯಾಪ್ಟನ್ ಡ್ಯಾನಿಯಲ್ ಗ್ಯಾಲರಿ, ಶಿಕಾಗೋದವರು, ತಾವೇ ಪೈಲಟ್. 1944ರ ಜನವರಿ 5ಕ್ಕೆ ನಾರ್ಫೋಕ್ ಬಂದರಿನಿಂದ ಮೊದಲ ಬೇಟೆಗೆ ಹೊರಟರು. ಜನವರಿ 16ರ ಸಂಜೆ ಇವರ ವಿಮಾನಗಳ ಕಣ್ಣಿಗೆ ನೀರ ಮೇಲೆ ಇಂಧನ ತುಂಬಿಸಿಕೊಳ್ಳುತ್ತಿದ್ದ ಜಲಾಂತರ್ಗಾಮಿಗಳು ಬಿದ್ದವು. ರಾಕೆಟ್, ಬಾಂಬ್ ಹಾಕಿ ಯು-544 ಅನ್ನು ಮುಳುಗಿಸಿದರು. ಅದರಲ್ಲಿದ್ದ 57 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಗೆದ್ದ ವಿಮಾನಗಳು ಹಡಗಿಗೆ ಮರಳುವಷ್ಟರಲ್ಲಿ ಕತ್ತಲಾಗಿತ್ತು. ರಾತ್ರಿ ಡೆಕ್ ಮೇಲೆ ಇಳಿಯುವ ತರಬೇತಿ ಈ ಪೈಲಟ್‌ಗಳಿಗೆ ಇರಲಿಲ್ಲ. ಇಳಿದ ಒಂದು ವಿಮಾನ ಡೆಕ್ಕಿನ ಅಂಚಿಗೆ ಸಿಕ್ಕಿಕೊಂಡು ದಾರಿ ಕಟ್ಟಿತು, ಉಳಿದವರಲ್ಲಿ ಕೆಲವರು ವಿಮಾನವನ್ನು ನೀರಿಗೇ ಇಳಿಸಬೇಕಾಯಿತು.

ಆ ಸಂಜೆಯೇ ಈ ಹಡಗಿನ ಸೇವೆಯ ತಿರುವು ಎಂದು ನನ್ನ ನಂಬಿಕೆ. ಜಲಾಂತರ್ಗಾಮಿ ಹಗಲೆಲ್ಲ ನೀರೊಳಗೆ ಇದ್ದು, ಬ್ಯಾಟರಿ ಚಾರ್ಜ್ ಮಾಡಲು ರಾತ್ರಿ ಮೇಲೆ ಬರುತ್ತದೆ. ವಿಮಾನವಾಹಕವೋ ಹಗಲಿನಲ್ಲಿ ಮಾತ್ರ ಹಾರಾಟ ನಡೆಸುತ್ತಿತ್ತು. ಬೇಟೆ ಎದ್ದಾಗ ಬೇಟೆಗಾರ ಮಲಗಿದ್ದರೆ ಏನು ಸಿಕ್ಕೀತು? ಗ್ಯಾಲರಿ ರಾತ್ರಿ ಹಾರಾಟ ಶುರು ಮಾಡಿಸಿದರು. ಎರಡನೇ ಯಾನದಲ್ಲಿ, ಏಪ್ರಿಲ್‌ನ ಹುಣ್ಣಿಮೆ ಬೆಳಕು ನೋಡಿಕೊಂಡು ಅವೆಂಜರ್‌ಗಳನ್ನು ರಾತ್ರಿ ಇಡೀ ಆಕಾಶದಲ್ಲಿ ಇಟ್ಟರು. ಫಲ ಕಣ್ಣಮುಂದಿದೆ. ಏಪ್ರಿಲ್ 8ರ ರಾತ್ರಿ ಅಟ್ಲಾಂಟಿಕ್‌ನ ಮದೀರಾ ದ್ವೀಪದ ವಾಯವ್ಯಕ್ಕೆ ಜಲಾಂತರ್ಗಾಮಿ ಯು-515ರ ಸುಳಿವು ಸಿಕ್ಕಿತು. ರಾತ್ರಿ ಪೂರ್ತಿ ಅದನ್ನು ಮೇಲೇಳಲು ಬಿಡದೆ ಕಾಡಿ, 9ರ ಮಧ್ಯಾಹ್ನ ಮುಗಿಸಿದರು. ಮರುದಿನವೇ, ಏಪ್ರಿಲ್ 10ಕ್ಕೆ, ಯು-68 ಅನ್ನೂ ಮುಳುಗಿಸಿದರು.

ಯು-515 ಕೊನೆಗೆ ಮೇಲೆದ್ದದ್ದು ಈ ಹಡಗುಗಳ ಮಧ್ಯದಲ್ಲೇ. ಸಿಬ್ಬಂದಿ ನೀರಿಗೆ ಹಾರಿದ ಮೇಲೂ ಅದು ಸ್ವಲ್ಪ ಹೊತ್ತು ತೇಲಿತು. ಅದನ್ನು ನೋಡಿದ ಮೇಲೆ ಗ್ಯಾಲರಿ ಮುಂದಿನ ಯಾನಕ್ಕೆ ಹೊರಡುವಾಗ ಶತ್ರುವಿನ ಜಲಾಂತರ್ಗಾಮಿಯನ್ನು ಏರಿ ವಶಪಡಿಸಿಕೊಳ್ಳುವ ತಂಡವನ್ನು ಪ್ರತಿ ಹಡಗಿನಲ್ಲೂ ಸಿದ್ಧ ಇಡಲು ಹೇಳಿದರು. ಎಳೆಯುವ ಉಕ್ಕಿನ ಹಗ್ಗವೂ ಸಿದ್ಧವಿತ್ತು. ಮೇ 15ಕ್ಕೆ ಹೊರಟಾಗ ಆ ತಯಾರಿ ಎಲ್ಲ ಮುಗಿದಿತ್ತು. ಹೇಳಿ, ಇದಕ್ಕೆ ಅದೃಷ್ಟ ಅನ್ನುವುದು ನ್ಯಾಯವೇ?

ಜೂನ್ 4ರ ವಿವರವನ್ನು ಬೇರೆಯವರೂ ಸೇರಿಸಲಿ ಅಂತ ಇಲ್ಲಿಗೆ ನಿಲ್ಲಿಸುತ್ತೇನೆ.

ಕಾರವಾರಿಗ:

ಒಳ್ಳೆ ಕೆಲಸ ಮಾಡಿದ್ರಿ ಸರ್. ನಮ್ಮಲ್ಲಿ ಭಾರತದ ವಿಮಾನವಾಹಕ ವಿಕ್ರಮಾದಿತ್ಯ ನೋಡಿದವರಿಗೆ ಅಳತೆ ಗೊತ್ತಾಗಲಿ ಅಂತ ಹೇಳ್ತೇನೆ: ಅದು 284 ಮೀಟರ್. ಗ್ವಾಡಲ್‌ಕನಾಲ್ 156. ಹೆಚ್ಚು ಕಡಿಮೆ ಅರ್ಧ. ಅಷ್ಟೇ ಜಾಗದಲ್ಲಿ, ಅಟ್ಲಾಂಟಿಕ್‌ನ ಅಲೆಯಲ್ಲಿ, ರಾತ್ರಿ ವಿಮಾನ ಇಳಿಸಿದ್ದಾರೆ ಅಂದ್ರೆ ಆ ಪೈಲಟ್‌ಗಳಿಗೆ ಕೈ ಮುಗೀಬೇಕು.

ಮಾಳಮಡ್ಡಿ ಹುಡುಗ:

ಭಾಳ ಚೊಲೊ ಬರದೀರಿ. ನಂದೊಂದು ಪ್ರಶ್ನಿ ಅದರಿ. ಅಷ್ಟು ದೊಡ್ಡ ಸಮುದ್ರದಾಗ ಒಂದು ಜಲಾಂತರ್ಗಾಮಿ ಎಲ್ಲೈತಿ ಅಂತ ಇವರಿಗೆ ಹೆಂಗ ಗೊತ್ತಾಗತಿತ್ತು? ಸುಮ್ಮನ ತಿರುಗಾಡಿ ಹುಡುಕೂದಂತೂ ಆಗೂದಿಲ್ಲ.

ಪಡುಗಡಲು:

ಒಳ್ಳೆಯ ಪ್ರಶ್ನೆ. ವಾಷಿಂಗ್ಟನ್‌ನಲ್ಲಿ ಟೆನ್ತ್ ಫ್ಲೀಟ್ ಎಂಬ ಕಚೇರಿ ಇತ್ತು. ಹೆಸರು ಫ್ಲೀಟ್, ಆದರೆ ಅದರ ಕೆಳಗೆ ಒಂದು ಹಡಗೂ ಇರಲಿಲ್ಲ. ಅಲ್ಲಿನ ಟ್ರ್ಯಾಕಿಂಗ್ ರೂಮ್ ಕೆನೆತ್ ನೋಲ್ಸ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ಜಲಾಂತರ್ಗಾಮಿಗಳು ರೇಡಿಯೋ ಸಂದೇಶ ಕಳಿಸಿದಾಗ ಅದರ ದಿಕ್ಕನ್ನು ಹಲವು ಕರಾವಳಿ ಠಾಣೆಗಳಿಂದ ಅಳೆಯುತ್ತಿದ್ದರು, ಮೇಲಾಗಿ ಎನಿಗ್ಮಾ ಎಂಬ ಜರ್ಮನ್ ಗುಪ್ತಲಿಪಿ ಯಂತ್ರದ ಸಂಕೇತ ಬಿಡಿಸಿ ಸಿಕ್ಕ ಮಾಹಿತಿಯೂ ಅಲ್ಲಿಗೆ ಬರುತ್ತಿತ್ತು. ಎರಡನ್ನೂ ಸೇರಿಸಿ, ಇಂಥ ಜಾಗದಲ್ಲಿ ಒಂದು ಇರಬಹುದು ಎಂದು ಸಮುದ್ರದಲ್ಲಿದ್ದವರಿಗೆ ತಿಳಿಸುತ್ತಿದ್ದರು. ಪಶ್ಚಿಮ ಆಫ್ರಿಕಾದ ಕಡೆಯಿಂದ ಒಂದು ಜಲಾಂತರ್ಗಾಮಿ ಮನೆಗೆ ಮರಳುತ್ತಿದೆ ಎಂಬ ಸುಳಿವು ಗ್ಯಾಲರಿಗೆ ಬಂದದ್ದು ಹಾಗೆ. ಅಲ್ಲಿಂದ ಮುಂದಿನ ಹುಡುಕಾಟ ಮಾತ್ರ ವಿಮಾನದ ರಾಡಾರ್, ಹಡಗಿನ ಸೋನಾರ್ (ನೀರೊಳಗೆ ಶಬ್ದದಿಂದ ಹುಡುಕುವ ಯಂತ್ರ) ಮತ್ತು ಮನುಷ್ಯನ ಕಣ್ಣಿನದು. ಎಷ್ಟೋ ದಿನ ಏನೂ ಸಿಗದೆ ಇಂಧನ ತಳ ಕಂಡಿತ್ತು. ಹುಡುಕಾಟ ಬಿಟ್ಟು ಮೊರಾಕೊದ ಕಾಸಾಬ್ಲಾಂಕಾ ಬಂದರಿನ ಕಡೆ ತಿರುಗಿದ ಸ್ವಲ್ಪ ಹೊತ್ತಿಗೇ ಚಾಟಲೇನ್ ಎಂಬ ಬೆಂಗಾವಲು ಹಡಗಿನ ಸೋನಾರ್‌ಗೆ ಸದ್ದು ಸಿಕ್ಕಿತು.

ಇತಿಹಾಸದ ಟೀಚರ್:

ಹಾಗಿದ್ದರೆ ಅಲ್ಲಿ ಅದೃಷ್ಟ ಇತ್ತಲ್ಲ, ಪಡುಗಡಲು ಅವರೇ! ತಯಾರಿ ಇತ್ತು, ಒಪ್ಪುತ್ತೇನೆ. ಆದರೆ ಆ ಬೆಳಿಗ್ಗೆ ಇನ್ನೊಂದು ಗಂಟೆ ಮೊದಲೇ ತಿರುಗಿದ್ದರೆ ಎಲ್ಲ ತಯಾರಿಯೂ ಹಾಗೇ ಬಂದರು ಸೇರುತ್ತಿತ್ತು.

ಎಂಜಿನ್ ರೂಮ್:

ಜೂನ್ 4ರ ಭಾಗ ನಾನು ಬರೆಯುತ್ತೇನೆ. ಹಡಗಿನ ಎಂಜಿನ್‌ಗಳ ಮಧ್ಯೆಯೇ ಕೆಲಸ ಮಾಡಿ ನಿವೃತ್ತನಾದವನು, ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದವರು ಒಬ್ಬ ಎಂಜಿನಿಯರ್.

ಜಾಗ ಆಫ್ರಿಕಾದ ಕೇಪ್ ಬ್ಲಾಂಕೊದಿಂದ ಸುಮಾರು 150 ಮೈಲಿ ಪಶ್ಚಿಮಕ್ಕೆ. ಹೊತ್ತು ಬೆಳಿಗ್ಗೆ 11 ದಾಟಿತ್ತು, ಭಾನುವಾರ. ಚಾಟಲೇನ್ ಮೊದಲು ಹೆಡ್ಜ್‌ಹಾಗ್ ಬಾಂಬುಗಳನ್ನು (ಮುಂದಕ್ಕೆ ಗುಂಪಾಗಿ ಎಸೆಯುವ ಸಣ್ಣ ಬಾಂಬು) ಎಸೆಯಿತು, ತಾಗಲಿಲ್ಲ. ಮೇಲೆ ಹಾರುತ್ತಿದ್ದ ವೈಲ್ಡ್‌ಕ್ಯಾಟ್ ಪೈಲಟ್‌ಗಳಿಗೆ ನೀರೊಳಗಿನ ನೆರಳು ಕಂಡಿತು. ಹಡಗಿನವರಿಗೆ ಜಾಗ ತೋರಿಸಲು ಅವರು ನೀರಿಗೇ ಮಷಿನ್ ಗನ್ ಹೊಡೆದರು, ಗುಂಡು ಬಿದ್ದಲ್ಲೆಲ್ಲ ನೀರು ಚಿಮ್ಮಿತು. ಚಾಟಲೇನ್ ಅಲ್ಲಿಗೆ ನುಗ್ಗಿ ಡೆಪ್ತ್ ಚಾರ್ಜ್, ಅಂದರೆ ನೀರೊಳಗೆ ಸಿಡಿಯುವ ಬಾಂಬು, ಉದುರಿಸಿತು. ಮೊದಲ ದಾಳಿಯಿಂದ ಏಳು ನಿಮಿಷವೂ ಆಗಿರಲಿಲ್ಲ, ಯು-505 ಮೇಲೆದ್ದಿತು. ಚುಕ್ಕಾಣಿ ಸಿಕ್ಕಿಕೊಂಡು ಬಲಕ್ಕೆ ಸುತ್ತು ಹೊಡೆಯುತ್ತಿತ್ತು. ಕ್ಯಾಪ್ಟನ್ ಹ್ಯಾರಾಲ್ಡ್ ಲಾಂಗೆ ಗಾಯಗೊಂಡರು, ಸಿಬ್ಬಂದಿ ನೀರಿಗೆ ಹಾರಿತು. 59 ಜನರಲ್ಲಿ ಸತ್ತವರು ಒಬ್ಬರು, 58 ಜನರನ್ನು ಅಮೆರಿಕನ್ನರು ನೀರಿನಿಂದ ಎತ್ತಿಕೊಂಡರು.

ಇನ್ನೊಂದು ಬೆಂಗಾವಲು ಹಡಗು ಪಿಲ್ಸ್‌ಬರಿಯಿಂದ ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ಮತ್ತು ಎಂಟು ಜನ ದೋಣಿಯಲ್ಲಿ ಹೊರಟರು. ಸುಮಾರು ಆರೇಳು ನಾಟ್ ವೇಗದಲ್ಲಿ ಗಿರಕಿ ಹೊಡೆಯುತ್ತಿದ್ದ, ಹಿಂಭಾಗ ನೀರಿನಲ್ಲಿ ತಗ್ಗಿದ ಜಲಾಂತರ್ಗಾಮಿಯನ್ನು ಬೆನ್ನಟ್ಟಿ ಹತ್ತಬೇಕಿತ್ತು. ಒಳಗೆ ಯಾರಾದರೂ ಬಂದೂಕು ಹಿಡಿದು ಕಾಯುತ್ತಿದ್ದಾರೋ, ಸ್ಫೋಟಕಕ್ಕೆ ಟೈಮರ್ ಹಚ್ಚಿದ್ದಾರೋ, ಒಂದೂ ತಿಳಿಯದು. ಡೇವಿಡ್, ನಿಸ್ಪೆಲ್, ವಡೋವಿಯಾಕ್ ಮೊದಲು ಏಣಿ ಇಳಿದರು. ಒಳಗೆ ಯಾರೂ ಇರಲಿಲ್ಲ. ಜರ್ಮನರು ಹೊರಡುವಾಗ ಸಮುದ್ರದ ನೀರಿನ ಸ್ಟ್ರೈನರ್ (ಸೋಸುವ ಜಾಲರಿ) ಒಂದರ ಮುಚ್ಚಳ ತೆಗೆದಿದ್ದರು, ಅಲ್ಲಿಂದ ನೀರು ಧಾರಾಕಾರ ನುಗ್ಗುತ್ತಿತ್ತು. ಝೆನನ್ ಲುಕೋಸಿಯಸ್ ಎಂಬ ನಾವಿಕ ಆ ಮುಚ್ಚಳವನ್ನು ಹುಡುಕಿ ಹಾಕಿ ಬಿಗಿದರು. ಉಳಿದವರು ಸಂಕೇತ ಪುಸ್ತಕ, ನಕ್ಷೆ, ಎನಿಗ್ಮಾ ಯಂತ್ರಗಳನ್ನು ಕೈಯಿಂದ ಕೈಗೆ ಮೇಲೆ ಸಾಗಿಸಿದರು. ಹಗ್ಗ ಹಾಕಲು ಪಕ್ಕಕ್ಕೆ ಬಂದ ಪಿಲ್ಸ್‌ಬರಿಗೆ ಜಲಾಂತರ್ಗಾಮಿಯ ರೆಕ್ಕೆ ಬಡಿದು ಹೊಟ್ಟೆ ಸೀಳಿತು, ಅದು ಹಿಂದೆ ಸರಿಯಬೇಕಾಯಿತು. ಕೊನೆಗೆ ಗ್ವಾಡಲ್‌ಕನಾಲ್ ತಾನೇ ಹಗ್ಗ ಕಟ್ಟಿ ಎಳೆಯಿತು.

ಈಗ ನನ್ನ ಎಂಜಿನಿಯರ್. ಅರ್ಲ್ ಟ್ರೊಸಿನೊ, ಗ್ವಾಡಲ್‌ಕನಾಲ್‌ನ ಮುಖ್ಯ ಎಂಜಿನಿಯರ್, ಯುದ್ಧಕ್ಕೆ ಮೊದಲು ವ್ಯಾಪಾರಿ ಹಡಗಿನಲ್ಲಿದ್ದವರು. ಜಲಾಂತರ್ಗಾಮಿಯಲ್ಲಿ ಹಿಂದೆಂದೂ ಕೆಲಸ ಮಾಡಿರಲಿಲ್ಲ. ಎಣ್ಣೆ ನೀರು ತುಂಬಿದ ತಳದಲ್ಲಿ, ನೆಲಹಲಗೆಗಳ ಕೆಳಗೆ ತೆವಳಿ ಒಂದೊಂದೇ ಪೈಪನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಪತ್ತೆ ಮಾಡಿದರು. ಆ ಹೊತ್ತಿನಲ್ಲಿ ಅದು ಮುಳುಗಿದ್ದರೆ ಅವರು ಹೊರಬರುವ ಸಾಧ್ಯತೆಯೇ ಇರಲಿಲ್ಲ.

ಪಂಪ್ ನಡೆಸಿ ನೀರು ಹೊರಹಾಕಬೇಕು, ಪಂಪಿಗೆ ವಿದ್ಯುತ್ ಬೇಕು, ಬ್ಯಾಟರಿ ಬರಿದಾಗಿತ್ತು. ಪರಿಚಯವಿಲ್ಲದ ಡೀಸೆಲ್ ಎಂಜಿನ್ ಚಾಲೂ ಮಾಡುವುದು ಅಪಾಯ. ಟ್ರೊಸಿನೊ ಡೀಸೆಲ್ ಎಂಜಿನ್‌ಗಳನ್ನು ಶಾಫ್ಟ್‌ನಿಂದ ಬಿಡಿಸಿದರು, ವಿದ್ಯುತ್ ಮೋಟರ್‌ಗಳನ್ನು ಹಾಗೇ ಜೋಡಿಸಿಟ್ಟರು. ಆಮೇಲೆ ಎಳೆಯುವ ವೇಗ ಹೆಚ್ಚಿಸಲು ಹೇಳಿದರು. ಎಳೆತಕ್ಕೆ ನೀರಿನಲ್ಲಿ ಪ್ರೊಪೆಲ್ಲರ್ ತಾನೇ ತಿರುಗಿತು, ಶಾಫ್ಟ್ ತಿರುಗಿತು, ಮೋಟರ್ ಜನರೇಟರ್ ಆಯಿತು. ಬ್ಯಾಟರಿ ತುಂಬಿತು, ಜಲಾಂತರ್ಗಾಮಿಯದೇ ಪಂಪುಗಳು ನೀರು ಹೊರಹಾಕಿದವು. ಬ್ಯಾಟರಿ ಕೂತ ಜೀಪಿಗೆ ಹಗ್ಗ ಕಟ್ಟಿ ಎಳೆದು ಗೇರ್ ಹಾಕುವವರಿಗೆ ಈ ತರ್ಕ ಥಟ್ಟನೆ ಹೊಳೆಯುತ್ತದೆ. ಸಮುದ್ರದ ಮಧ್ಯೆ, ಶತ್ರುವಿನ ಯಂತ್ರದಲ್ಲಿ, ಜರ್ಮನ್ ಭಾಷೆಯ ಬೋರ್ಡುಗಳ ಮುಂದೆ ನಿಂತು ಹೊಳೆಯುವುದು ಬೇರೆ ಮಾತು. ಪದಕ ಡೇವಿಡ್ ಅವರಿಗೆ ಹೋದದ್ದು ಸರಿಯೇ, ಆದರೆ ಯು-505 ಬರ್ಮುಡಾ ತಲುಪಿದ್ದಕ್ಕೆ ನನ್ನ ಪಾಲಿಗೆ ಮೊದಲ ಕಾರಣ ಟ್ರೊಸಿನೊ.

ಮಾಳಮಡ್ಡಿ ಹುಡುಗ:

ಮೈ ಜುಮ್ ಅಂತು ನೋಡ್ರಿ. ಡೇವಿಡ್ ಅವರಿಗೆ ಯಾವ ಪದಕ ಸಿಕ್ತು?

ಎಂಜಿನ್ ರೂಮ್:

ಮೆಡಲ್ ಆಫ್ ಆನರ್, ಅವರ ದೇಶದ ಅತ್ಯುನ್ನತ ಶೌರ್ಯ ಪದಕ. ಆದರೆ ಕೈಗೆ ಬರುವ ಮೊದಲೇ, 1945ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅಕ್ಟೋಬರ್‌ನಲ್ಲಿ ಅವರ ಹೆಂಡತಿಗೆ ಅಧ್ಯಕ್ಷ ಟ್ರೂಮನ್ ಕೊಟ್ಟರು. ನಿಸ್ಪೆಲ್, ವಡೋವಿಯಾಕ್ ಇಬ್ಬರಿಗೂ ನೇವಿ ಕ್ರಾಸ್, ಅದರ ನಂತರದ ದರ್ಜೆಯ ಶೌರ್ಯ ಪದಕ.

ಇತಿಹಾಸದ ಟೀಚರ್:

ಸಾಹಸದ ಬಗ್ಗೆ ಎರಡು ಮಾತಿಲ್ಲ. ನನ್ನ ಪ್ರಶ್ನೆ ಬೇರೆ: ಇದು ಮಾಡಬೇಕಾದ ಕೆಲಸವಾಗಿತ್ತೇ?

ದಿನಾಂಕ ನೋಡಿ, ಜೂನ್ 4. ನಾರ್ಮಂಡಿಯಲ್ಲಿ ಸೈನ್ಯ ಇಳಿದದ್ದು ಜೂನ್ 6. ಆ ಹೊತ್ತಿಗೆ ಮಿತ್ರಪಕ್ಷದವರು ಜರ್ಮನ್ ನೌಕಾಪಡೆಯ ಎನಿಗ್ಮಾ ಸಂದೇಶಗಳನ್ನು ಆಗಲೇ ಓದುತ್ತಿದ್ದರು. ಒಂದು ಜಲಾಂತರ್ಗಾಮಿ ಇಡಿಯಾಗಿ ಶತ್ರುವಿನ ಕೈಸೇರಿದೆ ಎಂದು ಬರ್ಲಿನ್‌ಗೆ ಗೊತ್ತಾಗಿದ್ದರೆ ಮೊದಲು ಮಾಡುವ ಕೆಲಸ ಸಂಕೇತ ಬದಲಿಸುವುದು. ಆಗ ಯುದ್ಧದ ಅತ್ಯಂತ ನಾಜೂಕಿನ ವಾರದಲ್ಲಿ ಕಿವಿ ಕಿತ್ತುಕೊಂಡ ಹಾಗಾಗುತ್ತಿತ್ತು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಅರ್ನೆಸ್ಟ್ ಕಿಂಗ್ ಸಿಟ್ಟಾಗಿ ಗ್ಯಾಲರಿಯನ್ನು ಕೋರ್ಟ್ ಮಾರ್ಷಲ್ ಮಾಡುವ ಮಾತೆತ್ತಿದರು ಎಂದು ಈ ಪ್ರಕರಣದ ಬಗ್ಗೆ ಬರೆದವರು ಹೇಳುತ್ತಲೇ ಬಂದಿದ್ದಾರೆ. ಆ ಸಿಟ್ಟಿನಲ್ಲಿ ನ್ಯಾಯ ಇತ್ತು ಎನ್ನುವವಳು ನಾನು.

ಬ್ರಿಟಿಷರ ಎರಡು ಪ್ರಸಂಗ ಪಕ್ಕದಲ್ಲಿಟ್ಟು ನೋಡಿ. 1941ರ ಮೇನಲ್ಲಿ ಬುಲ್‌ಡಾಗ್ ಹಡಗಿನವರು ಯು-110ರಿಂದ ಎನಿಗ್ಮಾ ಯಂತ್ರ, ಕಾಗದಪತ್ರ ತೆಗೆದರು. ಜಲಾಂತರ್ಗಾಮಿ ಎಳೆದು ತರುವಾಗ ಮುಳುಗಿತು, ಗುಟ್ಟು ಕಾಯಲು ಅದೇ ಅನುಕೂಲವಾಯಿತು. 1942ರ ಅಕ್ಟೋಬರ್ 30ರಂದು ಪೆಟಾರ್ಡ್ ಹಡಗಿನ ಟೋನಿ ಫಾಸನ್ ಮತ್ತು ಕಾಲಿನ್ ಗ್ರೇಜಿಯರ್ ಮುಳುಗುತ್ತಿದ್ದ ಯು-559ರ ಒಳಗಿಳಿದು ಸಂಕೇತ ಪುಸ್ತಕಗಳನ್ನು ಮೇಲೆ ಕೊಟ್ಟರು. ಅವರಿಬ್ಬರೂ ಅದರೊಂದಿಗೇ ಮುಳುಗಿಹೋದರು. ಆ ಪುಸ್ತಕಗಳಿಂದ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್‌ನ ಸಂಕೇತ ಮತ್ತೆ ಬಿಡಿಸಲು ಸಾಧ್ಯವಾಯಿತು. ಅಂದು ಅದು ಇಲ್ಲದೆ ಗತಿಯಿರಲಿಲ್ಲ. 1944ರಲ್ಲಿ ಅಂಥ ಅನಿವಾರ್ಯತೆ ಇರಲಿಲ್ಲ.

ಇನ್ನೊಂದು. ಮೇ 29ರಂದು, ಅಂದರೆ ಆರೇ ದಿನ ಮೊದಲು, ಕ್ಯಾನರಿ ದ್ವೀಪಗಳ ಕಡೆ ಇಂಥದೇ ಎಸ್ಕಾರ್ಟ್ ಕ್ಯಾರಿಯರ್ ಬ್ಲಾಕ್ ಐಲ್ಯಾಂಡ್ ಅನ್ನು ಯು-549 ಟಾರ್ಪಿಡೊ ಹೊಡೆದು ಮುಳುಗಿಸಿತ್ತು. ಅಟ್ಲಾಂಟಿಕ್‌ನಲ್ಲಿ ಅಮೆರಿಕ ಕಳೆದುಕೊಂಡ ಒಂದೇ ವಿಮಾನವಾಹಕ ಅದು. ಅದೇ ಭಾಗದ ಕಡಲಿನಲ್ಲಿ ಗ್ಯಾಲರಿ ತಮ್ಮ ಹಡಗಿನ ಬಾಲಕ್ಕೆ ಒಂದು ಜಲಾಂತರ್ಗಾಮಿ ಕಟ್ಟಿಕೊಂಡು ನಿಧಾನವಾಗಿ ಸಾಗಿದರು. ಸಾವಿರಕ್ಕೆ ಹತ್ತಿರದ ಜನ ಆ ಹಡಗಿನಲ್ಲಿದ್ದರು.

ಪಡುಗಡಲು:

ಟೀಚರ್ ಹೇಳಿದ್ದರಲ್ಲಿ ತೂಕ ಇದೆ. ಬ್ಲಾಕ್ ಐಲ್ಯಾಂಡ್ ವಿಚಾರವಂತೂ ಎಲ್ಲರೂ ನೆನಪಿಡಬೇಕಾದದ್ದು. ಆದರೂ ಗ್ಯಾಲರಿಯ ಪರ ಮೂರು ಮಾತು ಹೇಳುತ್ತೇನೆ.

ಎನಿಗ್ಮಾ ಸಂದೇಶ ಓದಲಾಗುತ್ತಿದೆ ಎಂಬುದು ಪರಮ ಗುಟ್ಟು. ಸಮುದ್ರದಲ್ಲಿದ್ದ ಕ್ಯಾಪ್ಟನ್ ಒಬ್ಬರು ತಮಗೆ ಹೇಳದ ಗುಟ್ಟಿಗೆ ತಕ್ಕಂತೆ ನಡೆಯಬೇಕಿತ್ತು ಎನ್ನುವುದು ಹೇಗೆ?

ಸಿಕ್ಕದ್ದೂ ಸಣ್ಣದಲ್ಲ. ಎನಿಗ್ಮಾ ಸಂದೇಶ ಬಿಡಿಸುವ ಜೂನ್ ತಿಂಗಳ ಚಾಲ್ತಿ ಕೀಲಿಗಳು, ಜರ್ಮನರು ನಕ್ಷೆಯ ಚೌಕಗಳ ಸಂಖ್ಯೆಯನ್ನು ಮರೆಮಾಚಲು ಬಳಸುತ್ತಿದ್ದ ಸಂಕೇತ, ಶಬ್ದ ಹಿಡಿದು ಬೆನ್ನಟ್ಟುವ ಟಿ-5 ಟಾರ್ಪಿಡೊ. ಸಂದೇಶ ಓದಿದರೂ ಜಾಗದ ಸಂಕೇತ ಬಿಡಿಸಲಾಗದೆ ತಡವರಿಸುತ್ತಿದ್ದವರಿಗೆ ಅದು ದೊಡ್ಡ ವರ. ಟಿ-5 ಹೊಡೆಯುತ್ತಿದ್ದದ್ದು ಇವರಂಥ ಬೆಂಗಾವಲು ಹಡಗುಗಳನ್ನೇ, ಹಾಗಾಗಿ ಇಡೀ ಟಾರ್ಪಿಡೊ ಬಿಚ್ಚಿ ನೋಡುವ ಅವಕಾಶ ಎಷ್ಟು ಜನರ ಜೀವಕ್ಕೆ ಸಂಬಂಧಪಟ್ಟದ್ದು ಯೋಚಿಸಿ.

ಮೂರನೆಯದು, ಗುಟ್ಟು ಉಳಿಯಿತು. ತಂಡದ ಸುಮಾರು 3,000 ನಾವಿಕರು ಬಾಯಿ ಬಿಡಲಿಲ್ಲ. ಹಡಗುಗಳನ್ನು ಹತ್ತಿರದ ಆಫ್ರಿಕಾ ಬಂದರಿಗೆ ಕಳಿಸದೆ, ಬೇಹುಗಾರರ ಭಯದಿಂದ ಸುಮಾರು 2,500 ಮೈಲಿ ದೂರದ ಬರ್ಮುಡಾಕ್ಕೇ ಕಳಿಸಿದರು. ದಾರಿಯಲ್ಲಿ ಟಗ್ ಹಡಗು ಅಬ್ನಾಕಿ ಬಂದು ಹಗ್ಗ ತೆಗೆದುಕೊಂಡಿತು. ಜೂನ್ 19ಕ್ಕೆ ಬರ್ಮುಡಾ ಸೇರಿದರು. ಜರ್ಮನರು ಯು-505 ಮುಳುಗಿತು ಎಂದೇ ತಿಳಿದರು.

ಇನ್ನು ಬಾಲಕ್ಕೆ ಕಟ್ಟಿಕೊಂಡ ವಿಚಾರ: ಎಳೆಯುತ್ತಲೇ ವಿಮಾನ ಹಾರಿಸುವುದನ್ನೂ ಇಳಿಸುವುದನ್ನೂ ಮುಂದುವರಿಸಿದರು. ಕಾವಲು ಬಿಡಲಿಲ್ಲ.

ಇತಿಹಾಸದ ಟೀಚರ್:

ಗುಟ್ಟು ಉಳಿಯಿತು ನಿಜ, ಅದರ ಬೆಲೆ ಕೊಟ್ಟವರು ಯಾರು? ಆ 58 ಜನರನ್ನು ಲೂಸಿಯಾನಾದ ರಸ್ಟನ್ ಕ್ಯಾಂಪ್‌ನಲ್ಲಿ ಬೇರೆ ಕೈದಿಗಳಿಂದ ದೂರ ಇಟ್ಟರು. ರೆಡ್‌ಕ್ರಾಸ್‌ಗೆ ಹೆಸರು ಕೊಡಲಿಲ್ಲ. ಮನೆಯವರಿಗೆ ಒಂದು ಸಾಲು ಬರೆಯಲೂ ಬಿಡಲಿಲ್ಲ. ಜರ್ಮನಿಯಲ್ಲಿ ತಾಯಂದಿರು, ಹೆಂಡತಿಯರು ಇವರು ಸತ್ತರೆಂದೇ ದಿನ ದೂಡಿದರು. ಜಿನೀವಾ ಒಪ್ಪಂದಕ್ಕೆ ಇದು ನೇರ ವಿರುದ್ಧ. ಯುದ್ಧದ ಅಗತ್ಯ ಎನ್ನುತ್ತೀರಿ, ನಾನೂ ಸ್ವಲ್ಪ ಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತೇನೆ. ಆದರೆ ಈ ಹಡಗಿನ ಸೇವೆಯ ಪುಟದಲ್ಲಿ ಅದೂ ಸೇರಬೇಕು.

ಏಪ್ರಿಲ್‌ನಲ್ಲಿ ಇವರ ಕೈಗೆ ಸೆರೆಸಿಕ್ಕ ಯು-515ರ ಕ್ಯಾಪ್ಟನ್ ವೆರ್ನರ್ ಹೆಂಕೆ ವಿಚಾರವೂ ಸೇರಬೇಕು. 1942ರ ಡಿಸೆಂಬರ್‌ನಲ್ಲಿ ಸೆರಾಮಿಕ್ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿದವರು ಈತ. ಬದುಕುಳಿದವರ ಮೇಲೆ ಗುಂಡು ಹಾರಿಸಿದರೆಂಬ ಪ್ರಚಾರದಿಂದ ಬ್ರಿಟಿಷರು ತನ್ನನ್ನು ಗಲ್ಲಿಗೇರಿಸುತ್ತಾರೆ ಎಂದು ಹೆದರಿದ್ದರು. ಗ್ಯಾಲರಿಗೆ ಇದು ತಿಳಿಯಿತು. ಬ್ರಿಟಿಷರು ನಿನ್ನನ್ನು ಕೇಳುತ್ತಿದ್ದಾರೆ, ವಿಚಾರಣೆಯಲ್ಲಿ ಸತ್ಯ ಹೇಳುತ್ತೇನೆಂದು ಬರೆದುಕೊಟ್ಟರೆ ಕೊಡುವುದಿಲ್ಲ ಎಂದು ನಂಬಿಸಿ ಸಹಿ ಹಾಕಿಸಿಕೊಂಡರು. ಆಮೇಲೆ ವರ್ಜೀನಿಯಾದ ಫೋರ್ಟ್ ಹಂಟ್ ವಿಚಾರಣಾ ಶಿಬಿರದಲ್ಲಿ ಹೆಂಕೆ ಮಾತಾಡಲು ಒಪ್ಪಲಿಲ್ಲ, ಅಲ್ಲೂ ಬ್ರಿಟಿಷರ ಹೆಸರಿನಲ್ಲಿ ಬೆದರಿಕೆ ಹಾಕಿದರು. 1944ರ ಜೂನ್ 15ರಂದು ಬೇಲಿ ಹತ್ತಿದವರನ್ನು ಕಾವಲುಗಾರರು ಗುಂಡಿಟ್ಟು ಕೊಂದರು. ನೂರಾರು ಅಮಾಯಕರ ಸಾವಿಗೆ ಕಾರಣನಾದವನ ಮೇಲೆ ನನಗೆ ಮೃದು ಭಾವನೆ ಇಲ್ಲ. ಕೈದಿಗೆ ಸುಳ್ಳು ಹೇಳಿ ಸಹಿ ಪಡೆದದ್ದನ್ನು ಚಾತುರ್ಯ ಎಂದು ಹೊಗಳಲೂ ಮನಸ್ಸು ಬರುವುದಿಲ್ಲ.

ಪಡುಗಡಲು:

ಹೆಂಕೆ ವಿಚಾರದಲ್ಲಿ ನಿಮ್ಮ ಮಾತೇ ನನ್ನದೂ, ಟೀಚರ್. ಕೈದಿಗಳ ಮನೆಯವರ ವಿಚಾರದಲ್ಲಿ ಮಾತ್ರ, ಆ ಗುಟ್ಟು ಕಾಯದಿದ್ದರೆ ಎಷ್ಟು ಮನೆಗಳಿಗೆ ನಿಜವಾದ ಸಾವಿನ ಸುದ್ದಿ ಹೋಗುತ್ತಿತ್ತೋ ಎಂಬ ಲೆಕ್ಕವನ್ನೂ ನಾನು ಬಿಡಲಾರೆ.

ಶಿಕಾಗೋ ಕನ್ನಡತಿ:

ನಾನಿರುವ ಊರಲ್ಲೇ ಯು-505 ಇದೆ, ಮ್ಯೂಸಿಯಂ ಆಫ್ ಸೈನ್ಸ್ ಅಂಡ್ ಇಂಡಸ್ಟ್ರಿಯಲ್ಲಿ. ಯುದ್ಧ ಮುಗಿದ ಮೇಲೆ ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿ ಮುಳುಗಿಸುವ ಯೋಚನೆಯಲ್ಲಿತ್ತು. ಗ್ಯಾಲರಿಯ ಸಹೋದರ, ಪಾದ್ರಿಯಾಗಿದ್ದವರು, ಮ್ಯೂಸಿಯಂನವರ ಜೊತೆ ಮಾತಾಡಿದರು, ಊರಿನ ಜನ ಹಣ ಕೂಡಿಸಿದರು. 1954ರಲ್ಲಿ ಸರೋವರಗಳ ಮೂಲಕ ಎಳೆದು ತಂದು ಹೊರಗೆ ಬಯಲಲ್ಲಿ ನಿಲ್ಲಿಸಿದ್ದರು. ಹಿಮಕ್ಕೆ, ಮಳೆಗೆ ಹಾಳಾಗುತ್ತಿದೆ ಅಂತ 2004ರಲ್ಲಿ ನೆಲದಡಿಯ ಹಾಲ್‌ಗೆ ಇಳಿಸಿದರು.

ನಮ್ಮ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿದ್ದೆ. ಹೊರಗಿನಿಂದ 76 ಮೀಟರ್ ಉದ್ದ, ದೊಡ್ಡದಾಗಿ ಕಾಣುತ್ತೆ. ಒಳಗೆ ಕಾಲಿಟ್ಟರೆ ಎರಡೂ ಭುಜಕ್ಕೆ ಏನಾದರೂ ತಾಗುತ್ತೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಗುಂಡನೆಯ ಕಿಂಡಿಯಲ್ಲಿ ಮೊದಲು ಒಂದು ಕಾಲು, ಆಮೇಲೆ ತಲೆ ಬಗ್ಗಿಸಿ ಮೈ, ಆಮೇಲೆ ಇನ್ನೊಂದು ಕಾಲು. ಟಾರ್ಪಿಡೊ ಪಕ್ಕದಲ್ಲೇ ಮಲಗುವ ಹಲಗೆ. ಮೇಲಿನ ಗೋಪುರದಲ್ಲಿ ಜೂನ್ 4ರ ಗುಂಡಿನ ತೂತುಗಳು ಇನ್ನೂ ಇವೆ. ಬೆಳಕಿದ್ದಾಗ, ನಿಂತಿರುವಾಗಲೇ ಇಷ್ಟು ಕಷ್ಟ. ಅರ್ಧ ಕತ್ತಲಲ್ಲಿ, ನೀರು ನುಗ್ಗುವಾಗ, ಹಿಂದಕ್ಕೆ ವಾಲಿದ ನೆಲದ ಮೇಲೆ ಡೇವಿಡ್ ಮತ್ತು ಜೊತೆಗಾರರು ಓಡಾಡಿದ್ದು ಹೇಗೆ ಅನ್ನೋದು ಒಳಗೆ ನಿಂತಾಗ ಗೊತ್ತಾಗುತ್ತೆ.

ಇದರ ಇನ್ನೊಂದು ದುಃಖದ ಕಥೆಯನ್ನೂ ಅಲ್ಲಿ ಹೇಳ್ತಾರೆ. ಲಾಂಗೆಗಿಂತ ಹಿಂದಿನ ಕ್ಯಾಪ್ಟನ್ ಪೀಟರ್ ಚೆಕ್ 1943ರ ಅಕ್ಟೋಬರ್‌ನಲ್ಲಿ, ಮೇಲಿನಿಂದ ಡೆಪ್ತ್ ಚಾರ್ಜ್ ಬೀಳುತ್ತಿರುವಾಗಲೇ, ಇದೇ ಕಂಟ್ರೋಲ್ ರೂಮಿನಲ್ಲಿ ತಲೆಗೆ ಗುಂಡು ಹೊಡೆದುಕೊಂಡರು. ಆ ಸಿಬ್ಬಂದಿಯ ಮನಸ್ಸು ಆಗಲೇ ಎಷ್ಟು ಕುಗ್ಗಿತ್ತೋ.

ಕಾರವಾರಿಗ:

ಇಷ್ಟೆಲ್ಲ ಅಟ್ಲಾಂಟಿಕ್ ಆಯಿತು, ನಮ್ಮ ಸಮುದ್ರದ್ದೂ ಒಂದು ಸೇರಿಸುವೆ. ಅಮೆರಿಕದಲ್ಲಿ ಕಟ್ಟಿ ಬ್ರಿಟಿಷರಿಗೆ ಕೊಟ್ಟ ಎಸ್ಕಾರ್ಟ್ ಕ್ಯಾರಿಯರ್‌ಗಳಿಗೆ ಶಾ, ಬೇಗಂ, ರಾಜಾ, ರಾಣಿ, ನವಾಬ್ ಅಂತೆಲ್ಲ ಹೆಸರಿಟ್ಟಿದ್ದರು. ಅವುಗಳಲ್ಲಿ ಶಾ ಮತ್ತು ಬೇಗಂ 1944ರ ಆಗಸ್ಟ್‌ನಲ್ಲಿ ಹಿಂದೂ ಮಹಾಸಾಗರದಲ್ಲಿ ಯು-198ರ ಬೆನ್ನು ಹತ್ತಿದವು. ಶಾ ಹಡಗಿನ ಅವೆಂಜರ್ ವಿಮಾನ ಅದನ್ನು ಕಂಡಿತು. ಆಗಸ್ಟ್ 12ಕ್ಕೆ ಸೇಶೆಲ್ಸ್ ಹತ್ತಿರ ಅದನ್ನು ಮುಳುಗಿಸಿದ್ದು ಬ್ರಿಟಿಷರ ಫಿಂಡ್‌ಹಾರ್ನ್ ಮತ್ತು ನಮ್ಮ ರಾಯಲ್ ಇಂಡಿಯನ್ ನೇವಿಯ ಗೋದಾವರಿ! ಅದರಲ್ಲಿದ್ದ 66 ಜನರೂ ಸತ್ತರು. ದೇಶ ವಿಭಜನೆ ಆದಮೇಲೆ ಗೋದಾವರಿ ಪಾಕಿಸ್ತಾನದ ಪಾಲಿಗೆ ಹೋಗಿ ಸಿಂಧ್ ಅಂತ ಹೆಸರಾಯಿತು. ನಮ್ಮ ಪಠ್ಯಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಪಡುಗಡಲು:

ಬಹಳ ಒಳ್ಳೆಯ ಸೇರ್ಪಡೆ. ಕೆಲಸ ಮಾಡುವ ರೀತಿ ಎರಡೂ ಕಡೆ ಒಂದೇ: ವಿಮಾನ ಹುಡುಕುತ್ತದೆ, ಜೊತೆಯ ಹಡಗು ಹೊಡೆಯುತ್ತದೆ. ಎಸ್ಕಾರ್ಟ್ ಕ್ಯಾರಿಯರ್ ಒಂಟಿಯಾಗಿ ಏನನ್ನೂ ಗೆಲ್ಲಲಿಲ್ಲ. ಚಾಟಲೇನ್, ಪಿಲ್ಸ್‌ಬರಿ, ಪೋಪ್, ಫ್ಲಾಹರ್ಟಿ, ಜೆಂಕ್ಸ್ ಇಲ್ಲದೆ ಗ್ವಾಡಲ್‌ಕನಾಲ್ ಕಥೆ ಇಲ್ಲ.

ಮಾಳಮಡ್ಡಿ ಹುಡುಗ:

ಜಲಾಂತರ್ಗಾಮಿ ಶಿಕಾಗೋದಾಗ ಉಳೀತು. ಅದನ್ನ ಹಿಡದ ಹಡಗು ಎಲ್ಲಿ ಹೋತ್ರಿ?

ಪಡುಗಡಲು:

ಜುಲೈ 15ಕ್ಕೆ ಮತ್ತೆ ಸಮುದ್ರಕ್ಕೆ ಹೊರಟಿತು. ಡಿಸೆಂಬರ್‌ವರೆಗೆ ಪಶ್ಚಿಮ ಅಟ್ಲಾಂಟಿಕ್‌ನಲ್ಲಿ ಇನ್ನೂ ಮೂರು ಬೇಟೆಯಾನ. 1945ರಲ್ಲಿ ಫ್ಲೋರಿಡಾದ ಮೇಪೋರ್ಟ್, ಆಮೇಲೆ ಪೆನ್ಸಕೋಲಾದಲ್ಲಿ ಹೊಸ ಪೈಲಟ್‌ಗಳಿಗೆ ಡೆಕ್ ಮೇಲೆ ಇಳಿಯುವುದನ್ನು ಕಲಿಸುವ ಹಡಗಾಯಿತು. ಸುಮಾರು 4,000 ಪೈಲಟ್‌ಗಳು ಅದರ ಮೇಲೆ ಅರ್ಹತೆ ಪಡೆದರು. ಕತ್ತಲಲ್ಲಿ ಇಳಿಯಲು ಬಾರದೆ ವಿಮಾನಗಳನ್ನು ಕಳೆದುಕೊಂಡ ಹಡಗು ಇದೇ ತಾನೆ? ಜನ ಯು-505 ನೆನೆಯುತ್ತಾರೆ, ನನಗೆ ಈ 4,000 ಕೂಡ ಅಷ್ಟೇ ದೊಡ್ಡದು.

1946ರ ಜುಲೈ 15ಕ್ಕೆ ಸೇವೆಯಿಂದ ತೆಗೆದು ನಾರ್ಫೋಕ್‌ನಲ್ಲಿ ಮೀಸಲು ಇಟ್ಟರು. 1958ರ ಮೇ 27ಕ್ಕೆ ನೌಕಾಪಡೆಯ ಪಟ್ಟಿಯಿಂದ ಹೆಸರು ಹೊಡೆದರು. 1959ರ ಏಪ್ರಿಲ್‌ನಲ್ಲಿ ಗುಜರಿಗೆ ಮಾರಿದರು, ಒಡೆಯಲು ಜಪಾನಿಗೆ ಎಳೆದುಕೊಂಡು ಹೋದರು.

ಶಿಕಾಗೋ ಕನ್ನಡತಿ:

ಆ ಕಾಸಾಬ್ಲಾಂಕಾ ವರ್ಗದ 50ರಲ್ಲಿ ಒಂದನ್ನೂ ಉಳಿಸಲಿಲ್ಲವಾ?

ಎಂಜಿನ್ ರೂಮ್:

ಒಂದೂ ಇಲ್ಲ ಮೇಡಂ. ಐದು ಯುದ್ಧದಲ್ಲೇ ಹೋದವು, ಐದೂ ಪೆಸಿಫಿಕ್‌ನಲ್ಲಿ: ಲಿಸ್ಕಮ್ ಬೇ, ಗ್ಯಾಂಬಿಯರ್ ಬೇ, ಸೇಂಟ್ ಲೋ, ಒಮ್ಮನಿ ಬೇ, ಬಿಸ್ಮಾರ್ಕ್ ಸೀ. ಉಳಿದವೆಲ್ಲ ಕಾಲಕ್ರಮದಲ್ಲಿ ಗುಜರಿ ಸೇರಿದವು. ಅವುಗಳ ಎಂಜಿನ್ ಬಗ್ಗೆ ಬೇಕಾದರೆ ಬೇರೆ ಚರ್ಚೆ ತೆರೆಯುತ್ತೇನೆ. ಟರ್ಬೈನ್ ಮತ್ತು ಅದರ ಗೇರ್ ಆಗ ಸಾಕಷ್ಟು ಸಿಗದೆ ಪಿಸ್ಟನ್ ಉಗಿಯಂತ್ರ ಹಾಕಿದ್ದರು, ಸ್ಕಿನ್ನರ್ ಯೂನಿಫ್ಲೋ ಅಂತ. ಅದನ್ನು ಚಾಲೂ ಇಟ್ಟವರ ಪಾಡು ಬರೆಯಲು ಬಹಳ ಇದೆ.

ಕಾರವಾರಿಗ:

ತೆರೆಯಿರಿ ಸರ್, ಖಂಡಿತ ಓದ್ತೇವೆ. ಮತ್ತೊಂದು ಕೋರಿಕೆ: ಗೋದಾವರಿ, ನರ್ಮದಾ, ಜಮುನಾದಂಥ ರಾಯಲ್ ಇಂಡಿಯನ್ ನೇವಿ ಹಡಗುಗಳಲ್ಲಿದ್ದ ಕನ್ನಡಿಗರ ಮನೆಯವರು ಇಲ್ಲಿ ಯಾರಾದರೂ ಇದ್ದರೆ, ಹಿರಿಯರು ಹೇಳಿದ್ದನ್ನು ದಯವಿಟ್ಟು ಇಲ್ಲಿ ಬರೆಯಿರಿ.